ಹಳೇ ಆಫೀಸ್ ಫೋನ್ ಹೊಸ ಪಿಬಿಎಕ್ಸ್‌ಗೆ ಒಗ್ಗುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಕೋಲಾರದ ಎಪಿಎಂಸಿ ಯಾರ್ಡಿನ ಒಂದು ಟೊಮೆಟೊ ಮಂಡಿಗೆ ಪಿಬಿಎಕ್ಸ್, ಅಂದರೆ ಒಳಗಿನ ಫೋನ್‌ಗಳನ್ನು ಕೂಡಿಸುವ ಸ್ವಂತ ಎಕ್ಸ್‌ಚೇಂಜ್, ಇಟ್ಟು ಒಂಬತ್ತು ಮೇಜಿನ ಫೋನ್ ಹಾಕಿಕೊಟ್ಟೆ. ಗಲ್ಲಾ, ತೂಕದ ಜಾಗ, ಕ್ರೇಟ್ ಗೋಡೌನ್, ಗೇಟು, ಹೀಗೆ ಒಂದೊಂದು ಕಡೆ ಒಂದೊಂದು. ಬೆಂಗಳೂರಿನಲ್ಲಿ ಒಂದು ಆಫೀಸು ಖಾಲಿ ಮಾಡುವಾಗ ಸಿಕ್ಕ ಫೋನ್‌ಗಳು ಅವು. ನೋಡಲು ಹೊಸದರಂತೆಯೇ ಇದ್ದವು. ಆದರೆ ಎಲ್ಲವೂ ಒಂದು ಫೋನ್ ಸೇವಾ ಕಂಪನಿಗೆ ಲಾಕ್ ಆಗಿದ್ದವು. ಮೊದಲ ದಿನ ಒಂಬತ್ತರಲ್ಲಿ ಒಂದೂ ಕೆಲಸ ಮಾಡಲಿಲ್ಲ. ಮಂಡಿಯ ಯಜಮಾನರು ಬಂದು ನೋಡಿ, "ಕೆಟ್ಟೋಗಿರೋವು ತಂದ್ಬಿಟ್ರಾ ಸಾರ್?" ಅಂದರು.

ಕೆಟ್ಟಿರಲಿಲ್ಲ. ಎಂಟು ಫೋನ್ ಇವತ್ತಿಗೂ ನಡೆಯುತ್ತಿವೆ. ಸಂತೆಯಲ್ಲಿ ಕೊಂಡು ತಂದ ಹಸು ಹಗ್ಗ ಬಿಚ್ಚಿದ ಕೂಡಲೇ ಹಳೇ ಕೊಟ್ಟಿಗೆಯ ದಾರಿ ಹಿಡಿಯುತ್ತದಲ್ಲ, ಈ ಫೋನ್‌ಗಳೂ ಹಾಗೇ. ಅದು ಯಾವ ದಾರಿ ಹಿಡಿಯುತ್ತಿದೆ ಎಂದು ಪತ್ತೆ ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಹತ್ತಾರು ಒಳ್ಳೇ ಫೋನ್ ಗುಜರಿಗೆ ಹೋಗುವುದನ್ನು ಕಂಡು ಹೊಟ್ಟೆ ಉರಿದಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶುರು ಮಾಡುವ ಮುಂಚೆ

ಫೋನ್ ನಿಮ್ಮದೇ ತಾನೇ? ಕೆಲವು ಕಂಪನಿಗಳು ಫೋನನ್ನು ಮಾರುವುದಿಲ್ಲ, ಬಾಡಿಗೆಗೆ ಕೊಡುತ್ತವೆ. ಅಂಥದ್ದನ್ನು ಬಿಚ್ಚಲು ಹೋಗಬೇಡಿ, ವಾಪಸ್ ಕೊಡಿ. ಕೊಂಡದ್ದಾದರೆ ಬಿಲ್ಲು ಇಟ್ಟುಕೊಳ್ಳಿ. ಅದು ಮುಂದೆ ಬೇಕಾಗುತ್ತದೆ, ಎಲ್ಲಿ ಎಂದು ಹೇಳುತ್ತೇನೆ.

ಫೋನ್ ತಿರುಗಿಸಿ, ಹಿಂದಿನ ಚೀಟಿಯ ಫೋಟೋ ತೆಗೆಯಿರಿ. ಮಾಡೆಲ್ ಮತ್ತು 12 ಅಕ್ಷರದ ಮ್ಯಾಕ್ ನಂಬರ್ (ಆ ಫೋನಿನ ಗುರುತಿನ ಸಂಖ್ಯೆ) ಅಲ್ಲೇ ಇರುತ್ತದೆ. ಜೊತೆಗೆ ಬೇಕಾದ್ದು ಇಷ್ಟು: ಚೆನ್ನಾಗಿದೆ ಎಂದು ಗೊತ್ತಿರುವ ಒಂದು ಲ್ಯಾನ್ ಕೇಬಲ್, ಇಂಟರ್ನೆಟ್ ಇಲ್ಲದ ಒಂದು ಸಣ್ಣ ರೂಟರ್, ಒಂದು ಲ್ಯಾಪ್‌ಟಾಪ್, ಆಸ್ಟರಿಸ್ಕ್ ಅಥವಾ ಫ್ರೀಪಿಬಿಎಕ್ಸ್ ಎಂಬ ಪಿಬಿಎಕ್ಸ್ ಸಾಫ್ಟ್‌ವೇರ್ ಹಾಕಿದ ಒಂದು ಹಳೇ ಕಂಪ್ಯೂಟರ್. ಆ ಇಂಟರ್ನೆಟ್ ಇಲ್ಲದ ರೂಟರ್ ಬಹಳ ಮುಖ್ಯ.

ಫೋನ್ ಆನ್ ಆಗುತ್ತಲೇ ಇಲ್ಲ

ಮೊದಲು ಕೇಬಲ್ ಯಾವ ತೂತಿಗೆ ಹೋಗಿದೆ ನೋಡಿ. ಫೋನಿನ ಹಿಂದೆ ಸಾಮಾನ್ಯವಾಗಿ ಎರಡು ಲ್ಯಾನ್ ಪೋರ್ಟ್ ಇರುತ್ತವೆ. ಒಂದು ನೆಟ್‌ವರ್ಕ್ ಸ್ವಿಚ್‌ನಿಂದ (ಲ್ಯಾನ್ ಕೇಬಲ್‌ಗಳನ್ನೆಲ್ಲ ಕೂಡಿಸುವ ಪೆಟ್ಟಿಗೆ) ಬರುವುದಕ್ಕೆ, ಇನ್ನೊಂದು ಕಂಪ್ಯೂಟರಿಗೆ ಕೊಡುವುದಕ್ಕೆ. ಕಂಪ್ಯೂಟರಿನ ಪೋರ್ಟಿಗೆ ಚುಚ್ಚಿದರೆ ಕರೆಂಟು ಬರುವುದಿಲ್ಲ. ನಮ್ಮ ಒಂಬತ್ತರಲ್ಲಿ ಎರಡು ಫೋನ್ ಆನ್ ಆಗದೇ ಇದ್ದದ್ದು ಇಷ್ಟಕ್ಕೇ.

ಆಮೇಲೆ ಸ್ವಿಚ್. ಕೇಬಲ್ಲಿನಲ್ಲೇ ಕರೆಂಟು ಕೊಡುವ ಸ್ವಿಚ್ ಬೇಕು, ಅಂದರೆ ಪಿಒಇ. 802.3ಎಎಫ್ ಎನ್ನುವ ಮಾನದಂಡದ ಸ್ವಿಚ್ ಸುಮಾರು 48 ವೋಲ್ಟಿನಲ್ಲಿ ಒಂದು ಪೋರ್ಟಿಗೆ 15.4 ವ್ಯಾಟ್‌ವರೆಗೆ ಕೊಡುತ್ತದೆ. ಮೇಜಿನ ಫೋನಿಗೆ ಅದು ಬೇಕಾದಷ್ಟಾಯಿತು. ಅಂಥ ಸ್ವಿಚ್ ಮೊದಲು ಆ ಕಡೆ ಇರುವ ಸಾಧನಕ್ಕೆ ಕರೆಂಟು ಬೇಕೋ ಬೇಡವೋ ಎಂದು ಪರೀಕ್ಷಿಸಿ ಆಮೇಲೆ ಬಿಡುತ್ತದೆ. ವೈರ್‌ಲೆಸ್ ರೇಡಿಯೋ ಜೊತೆ ಬರುವ 24 ವೋಲ್ಟಿನ ಸಾದಾ ಇಂಜೆಕ್ಟರ್‌ಗಳು ಹಾಗಲ್ಲ, ಏನೂ ಕೇಳದೆ ಕರೆಂಟು ನುಗ್ಗಿಸುತ್ತವೆ. ಅವನ್ನು ಫೋನಿಗೆ ಹಾಕಲೇಬೇಡಿ.

ಅಡಾಪ್ಟರ್ ಬಳಸುವುದಾದರೆ ಚೀಟಿ ಓದದೆ ಚುಚ್ಚಬೇಡಿ. ಯಾಲಿಂಕ್ ಮತ್ತು ಸಿಸ್ಕೋ ಎಸ್‌ಪಿಎ ಫೋನ್‌ಗಳಿಗೆ 5 ವೋಲ್ಟ್. ಪಾಲಿಕಾಮ್ ವಿವಿಎಕ್ಸ್, ಸಿಸ್ಕೋ 7900 ಸಾಲಿಗೆ 48 ವೋಲ್ಟ್. ಪಿನ್ನು ಕೂರುತ್ತದೆ ಎಂದು 48ರದ್ದನ್ನು 5ರ ಫೋನಿಗೆ ಹಾಕಿದರೆ ಆ ಕ್ಷಣವೇ ಸುಡುತ್ತದೆ. ನಮ್ಮ ಒಂಬತ್ತನೇ ಫೋನ್ ಹೋದದ್ದು ಹೀಗೇ. ಹುಡುಗ ಅವಸರದಲ್ಲಿ ಪಕ್ಕದ ಅಡಾಪ್ಟರ್ ಚುಚ್ಚಿದ, ಸಣ್ಣಗೆ ಟಿಕ್ ಎಂದಿತು, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ಅಷ್ಟೇ.

ಸುಟ್ಟ ವಾಸನೆ ಬಂದರೆ, ಅಡಾಪ್ಟರ್ ಕೈಗೆ ಸುಡುವಷ್ಟು ಬಿಸಿಯಾದರೆ ಪ್ಲಗ್ ಕಿತ್ತು ಅಲ್ಲೇ ನಿಲ್ಲಿಸಿ. ಅಡಾಪ್ಟರ್ ಬಿಚ್ಚಬೇಡಿ. ಒಳಗಿನ ಕೆಪ್ಯಾಸಿಟರ್ ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯಬಲ್ಲದು.

ಇನ್ನೊಂದು ಮಾತು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಮಳೆ ಜೋರು. ಕಟ್ಟಡದಿಂದ ಗೇಟಿನ ಕೋಣೆಗೆ ಲ್ಯಾನ್ ಕೇಬಲ್ಲನ್ನು ಗಾಳಿಯಲ್ಲಿ ಎಳೆದಿದ್ದರೆ, ಹತ್ತಿರದಲ್ಲಿ ಸಿಡಿಲು ಬಿದ್ದರೂ ಸಾಕು, ಫೋನು, ಸ್ವಿಚ್ ಎರಡೂ ಹೋಗಬಹುದು. ಅಂಥ ಕಡೆ ಫೈಬರ್ ಎಳೆಸಿ. ಗುಡುಗುವಾಗ ಕೇಬಲ್ ಕೆಲಸಕ್ಕೆ ಕೈ ಹಾಕಬೇಡಿ.

ಲೋಗೋ ಬರುತ್ತದೆ, ಮತ್ತೆ ಮೊದಲಿಂದ ಶುರುವಾಗುತ್ತದೆ

ಎಷ್ಟು ಹೊತ್ತಿಗೆ ಆಫ್ ಆಗುತ್ತದೆ ಎಂದು ಗಡಿಯಾರ ಹಿಡಿದು ನೋಡಿ. ಲೋಗೋ ಬಂದ ಕೆಲವೇ ಸೆಕೆಂಡಿಗೆ ಆದರೆ ಕರೆಂಟಿನ ತೊಂದರೆ: ಸೋತ ಅಡಾಪ್ಟರ್, ಕೆಟ್ಟ ಕೇಬಲ್, ಇಲ್ಲವೇ ಪೋರ್ಟ್‌ಗಳ ಒಟ್ಟು ವ್ಯಾಟ್ ಮೀರಿದ ಸ್ವಿಚ್. ಉಳಿದ ಫೋನ್ ಕಿತ್ತು ಒಂದನ್ನೇ ಹಾಕಿ ನೋಡಿ. ಆಗ ನಿಂತರೆ ಸ್ವಿಚ್ಚೇ ಸಾಲುತ್ತಿಲ್ಲ ಎಂದರ್ಥ. ಪೂರ್ತಿ ಮೇಲೆದ್ದು ಕೆಲವು ನಿಮಿಷ ಬಿಟ್ಟು ಆಫ್ ಆದರೆ, ಅದು ಹಳೇ ಕಂಪನಿಯ ಸರ್ವರ್‌ನಿಂದ ಸೆಟ್ಟಿಂಗ್ ತರಿಸಿಕೊಂಡು ರೀಸ್ಟಾರ್ಟ್ ಆಗುತ್ತಿರಬಹುದು. ಅದಕ್ಕೆ ಮುಂದಿನ ಒಂದು ಭಾಗವನ್ನೇ ಇಟ್ಟಿದ್ದೇನೆ.

ಪರದೆಯಲ್ಲಿ ಅಪ್‌ಡೇಟ್ ಎಂದು ಬಂದಾಗ ಮಾತ್ರ ಕರೆಂಟು ತೆಗೆಯಬೇಡಿ. ಫರ್ಮ್‌ವೇರ್ (ಫೋನಿನೊಳಗಿನ ಮೂಲ ಸಾಫ್ಟ್‌ವೇರ್) ಬರೆಯುವ ಮಧ್ಯೆ ಕರೆಂಟು ಹೋದರೆ ಫೋನ್ ಮೇಲೇಳದೇ ಹೋಗಬಹುದು. ನಮ್ಮೂರಿನ ಕರೆಂಟು ಗೊತ್ತಲ್ಲ, ಸ್ವಿಚ್ಚನ್ನು ಯುಪಿಎಸ್‌ಗೆ ಹಾಕಿಯೇ ಈ ಕೆಲಸ ಮಾಡಿ.

ಐಪಿ ಸಿಗುತ್ತಿಲ್ಲ, ನೆಟ್‌ವರ್ಕ್ ಹುಡುಕುತ್ತಲೇ ಇದೆ

ಅದೇ ಕೇಬಲ್ಲನ್ನು ಲ್ಯಾಪ್‌ಟಾಪ್‌ಗೆ ಚುಚ್ಚಿ. ಲ್ಯಾಪ್‌ಟಾಪ್‌ಗೆ ಐಪಿ (ನೆಟ್‌ವರ್ಕಿನಲ್ಲಿ ಅದರ ವಿಳಾಸ) ಬಂದು ಫೋನಿಗೆ ಬರದಿದ್ದರೆ ಹಳೇ ಆಫೀಸಿನ ಸೆಟ್ಟಿಂಗ್ ಒಳಗೇ ಕೂತಿದೆ. ಬಹಳ ಸಲ ಅದು ವಿಎಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರೆ ಮಾಡಿದ ಜಾಲ) ನಂಬರ್. ದೊಡ್ಡ ಆಫೀಸುಗಳಲ್ಲಿ ಫೋನಿನ ಮಾತಿಗೆ ಬೇರೆ ವಿಎಲ್ಯಾನ್ ಇಟ್ಟಿರುತ್ತಾರೆ. ನಿಮ್ಮ ಸ್ವಿಚ್ಚಿನಲ್ಲಿ ಆ ನಂಬರ್ ಇಲ್ಲ, ಹಾಗಾಗಿ ಫೋನ್ ಕೇಳಿದ್ದಕ್ಕೆ ಯಾರೂ ಉತ್ತರ ಕೊಡುತ್ತಿಲ್ಲ. ಫೋನಿನ ನೆಟ್‌ವರ್ಕ್ ಮೆನುವಿನಲ್ಲಿ ವಿಎಲ್ಯಾನ್ ಆಫ್ ಮಾಡಿ. ಕೈಯಾರೆ ಹಾಕಿದ ಹಳೇ ಐಪಿ ಇದ್ದರೆ ತೆಗೆದು ಡಿಎಚ್‌ಸಿಪಿಗೆ, ಅಂದರೆ ರೂಟರೇ ಐಪಿ ಕೊಡುವ ಏರ್ಪಾಡಿಗೆ, ತನ್ನಿ.

ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ

ಮೊದಲು ತಯಾರಕರ ಮೂಲ ಪಾಸ್‌ವರ್ಡ್ ಹಾಕಿ ನೋಡಿ. ಪಾಲಿಕಾಮ್‌ನಲ್ಲಿ 456. ಯಾಲಿಂಕ್‌ನಲ್ಲಿ ಹೆಸರು, ಪಾಸ್‌ವರ್ಡ್ ಎರಡೂ ಅಡ್ಮಿನ್, ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ. ಸೇವಾ ಕಂಪನಿ ಬದಲಿಸಿದ್ದರೆ ಇವು ನಡೆಯುವುದಿಲ್ಲ. ಫೋನನ್ನು ಮಾರಿದವರನ್ನು ಒಂದು ಸಲ ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಫ್ಯಾಕ್ಟರಿ ರಿಸೆಟ್ ಒಂದೇ ದಾರಿ.

ಯಾಲಿಂಕ್‌ನಲ್ಲಿ ಫೋನ್ ಸುಮ್ಮನಿರುವಾಗ ಓಕೆ ಕೀಯನ್ನು ಸುಮಾರು 10 ಸೆಕೆಂಡ್ ಒತ್ತಿ ಹಿಡಿಯಿರಿ. ಪಾಲಿಕಾಮ್ ವಿವಿಎಕ್ಸ್ 300, 400 ಸಾಲಿನಲ್ಲಿ ಬೂಟ್ ಆಗುವಾಗ ಕೌಂಟ್‌ಡೌನ್ ತಡೆದು 1, 3, 5 ಕೀಗಳನ್ನು ಒಟ್ಟಿಗೆ ಹಿಡಿಯಬೇಕು. ಅದು ಪಾಸ್‌ವರ್ಡ್ ಕೇಳಿದರೆ ಆ ಫೋನಿನದೇ ಮ್ಯಾಕ್ ನಂಬರ್ ಹಾಕಿ. ಸಿಸ್ಕೋ 7900 ಸಾಲಿನಲ್ಲಿ # ಒತ್ತಿ ಹಿಡಿದುಕೊಂಡೇ ಕರೆಂಟು ಕೊಡಿ. ಲೈನ್ ಕೀಗಳ ದೀಪ ಒಂದಾದ ಮೇಲೊಂದು ಮಿನುಗಲು ಶುರುವಾದಾಗ 123456789*0# ಒತ್ತಿ.

ಆದರೆ ನಿಲ್ಲಿ. ರಿಸೆಟ್ ಒತ್ತುವ ಮುಂಚೆ ಕೆಳಗಿನದನ್ನು ಓದಿ.

ರಿಸೆಟ್ ಮಾಡಿದರೂ ಹಳೇ ಕಂಪನಿಯ ಹೆಸರೇ ಬರುತ್ತಿದೆ

ಎಲ್ಲರನ್ನೂ ಸೋಲಿಸುವ ಲಕ್ಷಣ ಇದು. ರಿಸೆಟ್ ಮಾಡುತ್ತೀರಿ, ಪರದೆ ಖಾಲಿಯಾಗುತ್ತದೆ, ಸಂತೋಷವಾಗುತ್ತದೆ. ಎರಡು ನಿಮಿಷಕ್ಕೆ ಹಳೇ ಕಂಪನಿಯ ಲೋಗೋ ಪ್ರತ್ಯಕ್ಷ. ಪಾಸ್‌ವರ್ಡ್ ಮತ್ತೆ ಬದಲಾಗಿರುತ್ತದೆ.

ನಡೆಯುವುದು ಹೀಗೆ. ಏನೂ ಇಲ್ಲದ ಫೋನ್ ಎದ್ದ ಕೂಡಲೇ "ನನ್ನ ಸೆಟ್ಟಿಂಗ್ ಎಲ್ಲಿದೆ?" ಎಂದು ಕೇಳಿಕೊಂಡು ಹೊರಡುತ್ತದೆ. ಮೊದಲು ನಿಮ್ಮ ರೂಟರನ್ನೇ ಕೇಳುತ್ತದೆ. ಡಿಎಚ್‌ಸಿಪಿಯಲ್ಲಿ 66ನೇ ಆಯ್ಕೆ ಇರುವುದು ಇದಕ್ಕೇ, ಸಿಸ್ಕೋ ಫೋನ್‌ಗಳು 150ನ್ನೂ ನೋಡುತ್ತವೆ. ಅಲ್ಲಿ ಏನೂ ಸಿಗದಿದ್ದರೆ ಇಂಟರ್ನೆಟ್ಟಿನ ಮೇಲೆ ತಯಾರಕರ ಸರ್ವರ್‌ಗೆ ಹೋಗಿ ತನ್ನ ಮ್ಯಾಕ್ ನಂಬರ್ ಹೇಳುತ್ತದೆ. ಆ ಸರ್ವರಿನ ಪಟ್ಟಿಯಲ್ಲಿ ನಿಮ್ಮ ಫೋನ್ ಇನ್ನೂ ಹಳೇ ಸೇವಾ ಕಂಪನಿಯ ಹೆಸರಿನಲ್ಲಿದೆ. "ಅಲ್ಲಿಗೆ ಹೋಗು" ಎನ್ನುತ್ತದೆ, ಫೋನ್ ಹೋಗುತ್ತದೆ, ಲಾಕ್ ಹಾಕಿಸಿಕೊಂಡು ಬರುತ್ತದೆ. ಯಾಲಿಂಕ್‌ನವರು ಇದನ್ನು ಆರ್‌ಪಿಎಸ್ ಎನ್ನುತ್ತಾರೆ, ಪಾಲಿಕಾಮ್‌ನವರು ಝಡ್‌ಟಿಪಿ ಎನ್ನುತ್ತಾರೆ. ನೂರಾರು ಫೋನನ್ನು ಒಂದೊಂದಾಗಿ ಮುಟ್ಟದೆ ಹಂಚಲು ಮಾಡಿದ ಒಳ್ಳೇ ಏರ್ಪಾಡು ಅದು. ಮಾಲೀಕ ಬದಲಾದಾಗ ಅದೇ ಕಗ್ಗಂಟು.

ಮಂಡಿಯಲ್ಲಿ ನನಗೆ ಇದು ಗೊತ್ತಾದದ್ದು ರಾತ್ರಿ 11 ಗಂಟೆಗೆ. ಹೊರಗೆ ಲಾರಿಗೆ 15 ಕೆಜಿ ಕ್ರೇಟ್‌ಗಳನ್ನು ಲೋಡ್ ಮಾಡುತ್ತಿದ್ದರು. ನಾನು ರೂಟರಿನ ಡಿಎನ್‌ಎಸ್ ಲಾಗ್ (ಫೋನ್‌ಗಳು ಯಾವ ಸರ್ವರಿನ ಹೆಸರು ಕೇಳುತ್ತಿವೆ ಎಂಬ ದಾಖಲೆ) ತೆರೆದು ಕೂತಿದ್ದೆ. ಒಂದೇ ಹೆಸರು ಸಾಲಾಗಿ ಇಳಿದು ಬರುತ್ತಿತ್ತು, ಕೆಲವು ಸೆಕೆಂಡಿಗೊಮ್ಮೆ ಅದೇ ಹೆಸರು. ಕೇಬಲ್ ಕಿತ್ತರೆ ನಿಲ್ಲುತ್ತಿತ್ತು, ಹಾಕಿದರೆ ಮತ್ತೆ ಶುರು. ಆಗ ಹೊಳೆಯಿತು, ಮೊದಲು ಕಟ್ಟಬೇಕಾದ್ದು ದಾರಿಯನ್ನು ಎಂದು.

ಮಾಡಬೇಕಾದ್ದು ಇದು. ಫೋನನ್ನು ಇಂಟರ್ನೆಟ್ ಇಲ್ಲದ ರೂಟರಿಗೆ ಹಾಕಿ ರಿಸೆಟ್ ಮಾಡಿ. ಈಗ ಅದಕ್ಕೆ ಹೋಗಲು ಜಾಗವಿಲ್ಲ. ಮೂಲ ಪಾಸ್‌ವರ್ಡಿನಲ್ಲಿ ಒಳಗೆ ಹೋಗಿ ತಾನಾಗೇ ಸೆಟ್ಟಿಂಗ್ ಹುಡುಕುವ ಎಲ್ಲ ಆಯ್ಕೆಯನ್ನೂ ಆಫ್ ಮಾಡಿ. ಯಾಲಿಂಕ್‌ನಲ್ಲಿ ಆಟೋ ಪ್ರಾವಿಷನ್ ಪುಟದಲ್ಲಿ ಪಿಎನ್‌ಪಿ, ಝೀರೋ ಆಕ್ಟಿವ್, ಸರ್ವರ್ ವಿಳಾಸ, ಮೂರನ್ನೂ ನೋಡಿ. ಪಾಲಿಕಾಮ್‌ನಲ್ಲಿ ಪ್ರಾವಿಷನಿಂಗ್ ಸರ್ವರ್ ಮೆನುವಿನಲ್ಲಿ ಝಡ್‌ಟಿಪಿ ಇರುತ್ತದೆ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಫೋಟೋ ತೆಗೆದ ಚೀಟಿಯ ಜೊತೆ ಬರೆದಿಡಿ. ಆಮೇಲಷ್ಟೇ ಅಸಲಿ ನೆಟ್‌ವರ್ಕಿಗೆ ತನ್ನಿ.

ನನ್ನ ಸಲಹೆ ಕೇಳಿದರೆ, ಆಮೇಲೂ ಈ ಫೋನ್‌ಗಳಿಗೆ ಇಂಟರ್ನೆಟ್ ಕೊಡಬೇಡಿ. ಅವಕ್ಕೆ ಬೇಕಿರುವುದು ನಿಮ್ಮ ಪಿಬಿಎಕ್ಸ್ ಒಂದೇ. ಗಡಿಯಾರದ ಸಮಯವನ್ನೂ ಪಿಬಿಎಕ್ಸ್‌ನಿಂದಲೇ ಕೊಡಬಹುದು. ರೂಟರಿನಲ್ಲಿ ಫೋನ್‌ಗಳು ಹೊರಗೆ ಹೋಗದಂತೆ ಒಂದು ನಿಯಮ ಹಾಕಿದರೆ, ನಾಳೆ ಯಾರೋ ಗೊತ್ತಿಲ್ಲದೆ ರಿಸೆಟ್ ಒತ್ತಿದರೂ ತೊಂದರೆಯಿಲ್ಲ.

ಪಕ್ಕಾ ಪರಿಹಾರ ಅಂದರೆ, ಹಳೇ ಸೇವಾ ಕಂಪನಿ ತನ್ನ ಪಟ್ಟಿಯಿಂದ ನಿಮ್ಮ ಮ್ಯಾಕ್ ನಂಬರ್ ತೆಗೆಯಬೇಕು. ಬಿಲ್ಲು ಬೇಕಾಗುವುದು ಇಲ್ಲೇ. ನನ್ನನ್ನು ಹನ್ನೊಂದು ದಿನ ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಕೊನೆಗೆ ಬಿಲ್ಲು, ಒಂಬತ್ತು ಮ್ಯಾಕ್ ನಂಬರ್, ಮಾರಿದವರ ಒಂದು ಸಾಲಿನ ಒಪ್ಪಿಗೆ ಪತ್ರ ಕಳಿಸಿದ ಮೇಲೆ ಬಿಡುಗಡೆ ಮಾಡಿದರು. ಬೇಜಾರಾದರೂ ಬಿಡದೆ ಕೇಳಿ. ದುಡ್ಡು ಕೊಟ್ಟು ಕೊಂಡ ವಸ್ತು ನಿಮ್ಮದು.

ಎಲ್ಲ ಸರಿಯಿದೆ, ಆದರೆ ರಿಜಿಸ್ಟರ್ ಆಗುತ್ತಿಲ್ಲ

ಅಂದರೆ ಪಿಬಿಎಕ್ಸ್ ಫೋನನ್ನು ಗುರುತಿಸಿ ಸೇರಿಸಿಕೊಳ್ಳುತ್ತಿಲ್ಲ. ಇಲ್ಲಿಂದ ಪಿಬಿಎಕ್ಸ್ ಕಡೆ ನೋಡಬೇಕು. ಫೋನೂ ಪಿಬಿಎಕ್ಸೂ ಮಾತಾಡಿಕೊಳ್ಳುವ ಭಾಷೆ ಸಿಪ್, ಆಸ್ಟರಿಸ್ಕ್‌ನಲ್ಲಿ ಅದನ್ನು ನೋಡಿಕೊಳ್ಳುವ ಭಾಗ ಪಿಜೆಸಿಪ್. ಆಸ್ಟರಿಸ್ಕ್‌ನಲ್ಲಿ ಪಿಜೆಸಿಪ್ ಲಾಗರ್ ಆನ್ ಮಾಡಿ ಫೋನ್ ರೀಸ್ಟಾರ್ಟ್ ಮಾಡಿ.

ಲಾಗ್‌ನಲ್ಲಿ ಏನೂ ಬರದಿದ್ದರೆ ಫೋನಿನ ಮಾತು ಸರ್ವರ್ ತನಕ ತಲುಪಿಲ್ಲ. ಸರ್ವರ್ ಐಪಿ, ಪೋರ್ಟ್ 5060 (ಸಿಪ್ ಮಾತು ಒಳಬರುವ ಬಾಗಿಲಿನ ನಂಬರ್), ಫೈರ್‌ವಾಲ್, ಈ ಮೂರನ್ನು ನೋಡಿ. ಫ್ರೀಪಿಬಿಎಕ್ಸ್‌ನ ಫೈರ್‌ವಾಲ್ ತಪ್ಪು ಪಾಸ್‌ವರ್ಡ್ ಪದೇ ಪದೇ ಹಾಕಿದ ಫೋನನ್ನು ತಡೆದಿಟ್ಟಿರಬಹುದು, ಆ ಪಟ್ಟಿಯನ್ನೂ ನೋಡಿ.

ಲಾಗ್‌ನಲ್ಲಿ 401 ಎಂಬ ಉತ್ತರ ಒಂದು ಸಲ ಬಂದರೆ ಗಾಬರಿ ಬೇಡ. ಸರ್ವರ್ "ನೀನು ಯಾರು, ಗುರುತು ತೋರಿಸು" ಎನ್ನುವುದು ಹಾಗೆ. ಫೋನ್ ಗುರುತು ತೋರಿಸಿದ ಮೇಲೆ 200, ಅಂದರೆ "ಸರಿ", ಬರಬೇಕು. 401 ಬರುತ್ತಲೇ ಇದ್ದರೆ ಪಾಸ್‌ವರ್ಡ್ ಅಥವಾ ಆಥ್ ಐಡಿ (ಗುರುತು ತೋರಿಸುವಾಗ ಕೊಡುವ ಹೆಸರು) ತಪ್ಪು. ಬಹಳ ಜನ ಯೂಸರ್ ನೇಮ್ ತುಂಬಿ ಆಥ್ ಐಡಿ ಖಾಲಿ ಬಿಡುತ್ತಾರೆ. ಎರಡಕ್ಕೂ ಎಕ್ಸ್‌ಟೆನ್ಶನ್ ನಂಬರನ್ನೇ ಹಾಕಿ.

403, ಅಂದರೆ "ಅವಕಾಶವಿಲ್ಲ", ಎಂದು ಬಂದರೆ ಪಾಸ್‌ವರ್ಡಿನ ಹಿಂದೆ ಬೀಳುವ ಮುಂಚೆ ಒಂದು ವಿಷಯ ನೋಡಿ. ಅದೇ ಎಕ್ಸ್‌ಟೆನ್ಶನ್ನಿನಲ್ಲಿ ಇನ್ನೊಂದು ಫೋನ್ ಈಗಾಗಲೇ ಕೂತಿದೆಯಾ? ಒಂದೇ ಸಾಧನಕ್ಕೆ ಅವಕಾಶ ಇಟ್ಟಿದ್ದರೆ ಆಸ್ಟರಿಸ್ಕ್ ಎರಡನೆಯದಕ್ಕೆ 403 ಕೊಡುತ್ತದೆ. ಫೋನಿನ ಐಪಿ ಬದಲಾದಾಗ ಹಳೇ ನೋಂದಣಿ ಅವಧಿ ಮುಗಿಯುವ ತನಕ ಉಳಿದು ಹೀಗೇ ಆಗುತ್ತದೆ. ಹಳೆಯದನ್ನು ತೆಗೆದು ಹೊಸದನ್ನು ಕೂರಿಸುವ ಆಯ್ಕೆ ಆನ್ ಮಾಡಿ.

ಸಿಸ್ಕೋ 7900 ಸಾಲಿನವು ಬಹಳಷ್ಟು ಸಿಪ್ ಮಾತಾಡುವುದೇ ಇಲ್ಲ, ಎಸ್‌ಸಿಸಿಪಿ ಎನ್ನುವ ಸಿಸ್ಕೋದ್ದೇ ಭಾಷೆ ಮಾತಾಡುತ್ತವೆ. ಅವಕ್ಕೆ ಸಿಪ್ ಫರ್ಮ್‌ವೇರ್ ಹಾಕಬೇಕು. ಹೊಸಬರು ಇದರಿಂದ ಶುರು ಮಾಡಬೇಡಿ. ಕೆಲವು ವಿವಿಎಕ್ಸ್ ಫೋನ್‌ಗಳು ಸ್ಕೈಪ್ ಫಾರ್ ಬಿಸಿನೆಸ್‌ಗೆ ಹೊಂದಿಸಿದವು. ಅವುಗಳ ಬೇಸ್ ಪ್ರೊಫೈಲನ್ನು ಜೆನೆರಿಕ್ ಮಾಡಿದರೆ ಸರಿಹೋಗುತ್ತದೆ.

ಹಳೇ ಪಾಠಗಳನ್ನು ನೋಡಿ ಆಸ್ಟರಿಸ್ಕ್‌ನಲ್ಲಿ ಚಾನ್ ಸಿಪ್ (ಪಿಜೆಸಿಪ್‌ಗಿಂತ ಮುಂಚಿನದು) ಹುಡುಕುತ್ತಿದ್ದರೆ ಬಿಡಿ. 2023ರಲ್ಲಿ ಬಂದ ಆಸ್ಟರಿಸ್ಕ್ 21ರಿಂದ ಅದನ್ನು ತೆಗೆದಿದ್ದಾರೆ. ಪಿಜೆಸಿಪ್ ಒಂದೇ ಈಗ.

ಒಂದು ಕಡೆ ಮಾತ್ರ ಮಾತು ಕೇಳುತ್ತದೆ

"ಅಣ್ಣಾ, ಅವರು ಮಾತಾಡೋದು ನಮಗೆ ಕೇಳ್ತದೆ, ನಾವು ಮಾತಾಡೋದು ಅವರಿಗೆ ಕೇಳ್ತಾ ಇಲ್ಲ." ಗೇಟಿನ ಹುಡುಗ ಹೀಗೆ ಹೇಳಿದಾಗ ಮೊದಲು ಮಾಡಿದ್ದು ರಿಸೀವರ್ ಬದಲಿಸುವುದು. ಸುರುಳಿ ವೈರ್ ಒಳಗೆ ತುಂಡಾಗಿರುವುದು ಸಾಮಾನ್ಯ. ಸ್ಪೀಕರ್‌ನಲ್ಲಿ ಮಾತಾಡಿ ನೋಡಿ. ಅದರಲ್ಲಿ ಎರಡೂ ಕಡೆ ಕೇಳಿದರೆ ತೊಂದರೆ ವೈರಿನದೇ.

ಸ್ಪೀಕರ್‌ನಲ್ಲೂ ಹಾಗೇ ಇದ್ದರೆ ನೆಟ್‌ವರ್ಕ್. ಕರೆ ಕೂಡಿಸುವ ಮಾತುಕತೆ 5060ರಲ್ಲಿ ನಡೆಯುತ್ತದೆ, ದನಿ ಹೋಗುವುದು ಬೇರೆ ದಾರಿಯಲ್ಲಿ. ಆಸ್ಟರಿಸ್ಕ್‌ನಲ್ಲಿ ಅದಕ್ಕೆ ಸಾಮಾನ್ಯವಾಗಿ ಯುಡಿಪಿ ಪೋರ್ಟ್ 10000ರಿಂದ 20000. ರಿಂಗ್ ಆಯಿತು ಎಂದ ಮಾತ್ರಕ್ಕೆ ದನಿಯ ದಾರಿ ತೆರೆದಿದೆ ಎಂದಲ್ಲ. ಒಂದೇ ಕಟ್ಟಡದ ಎರಡು ಫೋನಿನ ಮಧ್ಯೆ ಮಾತಾಡಿ. ಅಲ್ಲೂ ತೊಂದರೆ ಇದ್ದರೆ ಫ್ರೀಪಿಬಿಎಕ್ಸ್‌ನ ಸಿಪ್ ಸೆಟ್ಟಿಂಗ್‌ನಲ್ಲಿ ಲೋಕಲ್ ನೆಟ್‌ವರ್ಕ್ ಸರಿಯಾಗಿ ಬರೆದಿದೆಯಾ ನೋಡಿ. ಬರೆಯದಿದ್ದರೆ ಸರ್ವರ್ ಪಕ್ಕದ ಕೋಣೆಯ ಫೋನಿಗೂ ಹೊರಗಿನ ಐಪಿ ಹೇಳಿಬಿಡುತ್ತದೆ, ದನಿ ಊರೆಲ್ಲ ಸುತ್ತಲು ಹೋಗಿ ಕಳೆದುಹೋಗುತ್ತದೆ. ನಮ್ಮ ಗೇಟಿನ ತೊಂದರೆ ಇದೇ ಆಗಿತ್ತು. ಒಳಗೆ ಸರಿಯಿದ್ದು ಹೊರಗಿನ ಕರೆಗೆ ಮಾತ್ರ ತೊಂದರೆ ಇದ್ದರೆ ರೂಟರಿನ ಸಿಪ್ ಎಎಲ್‌ಜಿ (ಸಿಪ್ ಮಾತಿನೊಳಗಿನ ವಿಳಾಸ ತಿದ್ದುವ ಆಯ್ಕೆ) ಆಫ್ ಮಾಡಿ.

ಕರೆ ಸರಿಯಾಗಿ 32 ಸೆಕೆಂಡಿಗೆ ಕಟ್ ಆಗುತ್ತಿದೆಯಾ? ಅದಕ್ಕೂ ಕಾರಣ ಇದೇ ಬಗೆಯದು. ಕರೆ ಎತ್ತಿದ ಸುದ್ದಿಗೆ ಆ ಕಡೆಯಿಂದ "ಸಿಕ್ಕಿತು" ಎಂಬ ಉತ್ತರ ಬರಬೇಕು. ಬರದಿದ್ದರೆ 32 ಸೆಕೆಂಡ್ ಕಾದು ಕರೆ ಮುಗಿಸುತ್ತಾರೆ, ನಿಯಮವೇ ಹಾಗಿದೆ. ಅಂದರೆ ಉತ್ತರ ತಪ್ಪು ವಿಳಾಸಕ್ಕೆ ಹೋಗುತ್ತಿದೆ, ಹೊರಗಿನ ಐಪಿ ಸರಿಮಾಡಿ.

ಕರೆಯ ಮಧ್ಯೆ "ಒಂದು ಒತ್ತಿ, ಎರಡು ಒತ್ತಿ" ಎಂದಾಗ ಕೀ ಒತ್ತಿದರೂ ಆಗದಿದ್ದರೆ, ಡಿಟಿಎಂಎಫ್ (ಒತ್ತಿದ ಕೀಯನ್ನು ಆ ಕಡೆಗೆ ತಿಳಿಸುವುದು) ಬಗೆ ಫೋನಿನಲ್ಲೂ ಪಿಬಿಎಕ್ಸ್‌ನಲ್ಲೂ ಒಂದೇ ಇರಲಿ, ಆರ್‌ಎಫ್‌ಸಿ 4733 ಆರಿಸಿ. ಕೆಲವು ಫೋನಿನಲ್ಲಿ ಅದು 2833 ಎಂಬ ಹಳೇ ಹೆಸರಿನಲ್ಲಿದೆ. ಗಡಿಯಾರ ತಪ್ಪಿದ್ದರೆ ಸಮಯ ವಲಯ +5:30.

ಇಲ್ಲಿ ನಿಲ್ಲಿಸಿ

ಬೇರೆ ಊರಿನ ಶಾಖೆಗೆ ಫೋನ್ ಬೇಕೆಂದು 5060ನ್ನು ಇಂಟರ್ನೆಟ್ಟಿಗೆ ತೆರೆಯಬೇಡಿ. ಅಂಥ ಪೋರ್ಟ್ ಹುಡುಕುತ್ತಲೇ ಇರುವ ಪ್ರೋಗ್ರಾಂಗಳಿವೆ. 1001 ಎಂಬ ಎಕ್ಸ್‌ಟೆನ್ಶನ್ನಿಗೆ 1001 ಎಂದೇ ಪಾಸ್‌ವರ್ಡ್ ಇಟ್ಟಿದ್ದರೆ ರಾತ್ರೋರಾತ್ರಿ ನಿಮ್ಮ ಖರ್ಚಿನಲ್ಲಿ ವಿದೇಶಕ್ಕೆ ಕರೆ ಹೋಗುತ್ತವೆ. ವಿಪಿಎನ್, ಅಂದರೆ ಎರಡು ಊರಿನ ಜಾಲದ ಮಧ್ಯೆ ಹೊರಗಿನವರು ನುಗ್ಗಲಾಗದ ದಾರಿ, ಹಾಕಿಸಿ. ಅದು ಬರದಿದ್ದರೆ ಗೊತ್ತಿರುವವರನ್ನು ಕರೆಯಿರಿ. ಹೊರಗಿನ ಕರೆಗೆ ಪರವಾನಗಿ ಇರುವ ಕಂಪನಿಯ ಲೈನನ್ನೇ ತೆಗೆದುಕೊಳ್ಳಿ. ಸಿಮ್‌ಗಳ ಪೆಟ್ಟಿಗೆ ಇಟ್ಟು ಇಂಟರ್ನೆಟ್ ಕರೆಗಳನ್ನು ಮೊಬೈಲ್ ಜಾಲಕ್ಕೆ ದಾಟಿಸುವುದು ಅಪರಾಧ.

100, 101, 108, 112, ಈ ನಂಬರ್‌ಗಳನ್ನು ಎಕ್ಸ್‌ಟೆನ್ಶನ್ನಿಗೆ ಇಡಬೇಡಿ. ಗೋಡೌನಿನಲ್ಲಿ ಯಾರಾದರೂ ಬಿದ್ದಾಗ 108 ಒತ್ತಿದರೆ ಅದು ಆಂಬುಲೆನ್ಸಿಗೇ ಹೋಗಬೇಕು, ಗಲ್ಲಾದ ಮೇಜಿಗೆ ಅಲ್ಲ. ಕರೆಂಟೋ ನೆಟ್ಟೋ ಹೋದರೆ ಈ ಫೋನ್‌ಗಳು ಸುಮ್ಮನಾಗಬಹುದು. ಚಾರ್ಜ್ ಇರುವ ಒಂದು ಮೊಬೈಲ್ ಅಲ್ಲೇ ಇರಲಿ.

ಫೋನಿನಲ್ಲಿ ಹಳೇ ಕಂಪನಿಯದೇ ಫರ್ಮ್‌ವೇರ್ ಇದ್ದು, ಇಂಟರ್ನೆಟ್ ಇಲ್ಲದ ರಿಸೆಟ್ಟಿನ ನಂತರವೂ ಲಾಕ್ ಉಳಿದರೆ ಅದರ ಹಿಂದೆ ಬೀಳಬೇಡಿ. ಆ ಕಂಪನಿ ಬಿಡಿಸಿಕೊಟ್ಟರೆ ಸರಿ. ಎಲ್ಲಿಂದಲೋ ಇಳಿಸಿಕೊಂಡ ಫರ್ಮ್‌ವೇರ್ ತುರುಕಿದರೆ ಇರುವುದೂ ಹೋಗುತ್ತದೆ. ಅಂಥ ಫೋನಿನ ರಿಸೀವರ್, ಸುರುಳಿ ವೈರ್, ಸ್ಟ್ಯಾಂಡ್, ಅಡಾಪ್ಟರ್ ತೆಗೆದಿಡಿ. ಅದೇ ಮಾಡೆಲ್ಲಿನ ಇನ್ನೊಂದಕ್ಕೆ ಬರುತ್ತವೆ. ಉಳಿದದ್ದನ್ನು ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ನಮ್ಮ ಸುಟ್ಟ ಒಂಬತ್ತನೆಯದರ ರಿಸೀವರ್ ಈಗ ತೂಕದ ಜಾಗದ ಫೋನಿನಲ್ಲಿದೆ.